ಹನ್ನೊಂದನೆಯ ದಿನದ ಪಾಠ

ವೀಸಾ ನಿಯಮ ಈಗ ದಿನಕ್ಕೊಂದು. ಪಾಠ ನಡೆಯುತ್ತಿರುವ ಕೋಣೆಗೆ ವಲಸೆ ಪೊಲೀಸರು ಕಾಲಿಡುವಂತಿಲ್ಲ ಎಂಬುದೊಂದೇ ಇನ್ನೂ ಬದಲಾಗಿರಲಿಲ್ಲ. ಹಾಗಾಗಿ ವಿಶ್ವವಿದ್ಯಾಲಯದ ವಕೀಲೆಯೂ ಕಾನೂನು ಅಧ್ಯಾಪಕಿಯೂ ಆದ ನೀಲಾಂಬಿಕಾ, ವೀಸಾ ರದ್ದಾದ ವಿದ್ಯಾರ್ಥಿನಿ ಶಿಫಾನಾಳನ್ನು ಎದುರು ಕೂರಿಸಿಕೊಂಡು ಹನ್ನೊಂದು ದಿನಗಳಿಂದ ಪಾಠ ಮಾಡುತ್ತಿದ್ದರು. ಅವರು ದಣಿದಾಗ ಸಹೋದ್ಯೋಗಿಗಳು ಮುಂದುವರಿಸುತ್ತಿದ್ದರು. ಬಾಗಿಲಾಚೆ ಬೆಂಚಿನ ಮೇಲೆ ಇಬ್ಬರು ಪೊಲೀಸರು ಕೂತು ಕೇಳುತ್ತಿದ್ದರು. ಒಬ್ಬ ಟಿಪ್ಪಣಿಯನ್ನೂ ಬರೆದುಕೊಳ್ಳುತ್ತಿದ್ದ.

ಮಧ್ಯಾಹ್ನ ಶಿಫಾನಾ ತೂಕಡಿಸಿ ಪುಸ್ತಕದ ಮೇಲೆಯೇ ತಲೆಯಿಟ್ಟಳು. ನೀಲಾಂಬಿಕಾ ಅವಳ ತಲೆ ಸವರಿದರು. ಇಪ್ಪತ್ತು ವರ್ಷಗಳಿಂದ ತರಗತಿ ಮುಗಿಸುವಾಗ ಆಡುತ್ತಿದ್ದ ಮಾತೇ ಬಾಯಿಂದ ಜಾರಿತು.

"ಇವತ್ತಿಗೆ ಇಷ್ಟ ಸಾಕವಾ."

ಪೊಲೀಸರು ಎದ್ದು ಒಳಬಂದರು. "ಪಾಠ ಮುಗೀತಲ್ರೀ ಮೇಡಂ," ಎಂದ ಒಬ್ಬ, ತಪ್ಪು ಮಾಡಿದವನಂತೆ.

ಅವನು ಹೆಗಲು ಮುಟ್ಟಿ ಎಬ್ಬಿಸಿದಾಗ ಶಿಫಾನಾ ಗಡಬಡಿಸಿ ಪೆನ್ನು ಹಿಡಿದಳು.

"ಹೇಳ್ರಿ ಮೇಡಂ, ನಾ ಕೇಳಾಕತ್ತೀನಿ."