ಬೆಲ್ಲದ ನೀರು

ಮಲೇಷ್ಯಾದ ಪುಚೊಂಗ್‌ನಲ್ಲಿರುವ ನನ್ನ ಅಡುಗೆಮನೆಯಲ್ಲಿ ಬೆಲ್ಲ ನೀರಿನಲ್ಲಿ ಕರಗುವ ವಾಸನೆ ಬಂದರೆ, ಈಗಲೂ ಆ ಮಧ್ಯಾಹ್ನ ನೆನಪಾಗುತ್ತದೆ.

ಅಮ್ಮ ತೀರಿಕೊಂಡು ಒಂದು ವಾರವಾಗಿತ್ತು. ಅಪ್ಪ ಅತ್ತಿದ್ದನ್ನು ನಾನು ನೋಡಿರಲಿಲ್ಲ. ನನಗೂ ಅಳು ಬಂದಿರಲಿಲ್ಲ. ಅಪ್ಪ ಕುದುರೆ ಡಾಕ್ಟರು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ನನ್ನನ್ನೂ ಕೆಲಸದ ಊರಿಗೆ ಕರೆದುಕೊಂಡು ಹೋಗಿದ್ದರು. ಮರುದಿನ ಅಲ್ಲಿ ಕುದುರೆಗಳ ದೂರದ ಸವಾರಿಯ ಸ್ಪರ್ಧೆ. ವ್ಯಾನಿನಿಂದ ಇಳಿದ ಕಂದು ಕುದುರೆ, ಬಿಸಿಲಿಗೆ ಬೆವರುತ್ತಿದ್ದರೂ ಬಕೆಟ್ಟಿನ ನೀರನ್ನು ಮೂಸಿ ಮುಖ ತಿರುಗಿಸಿತು.

"ಹೊಸ ಜಾಗದ ನೀರು ಇವಕ್ಕೆ ಹಿಡಿಸಲ್ಲ ಪುಟ್ಟಿ. ಅದಕ್ಕೇ ಲಾಯದಲ್ಲೇ ಬೆಲ್ಲದ ನೀರು ರೂಢಿ ಮಾಡ್ಸಿದೀನಿ. ಆ ರುಚಿ ಸಿಕ್ಕಿದ್ರೆ ಎಲ್ಲಿದ್ರೂ ಕುಡಿಯತ್ತೆ," ಎಂದರು ಅಪ್ಪ.

ಚೀಲದಿಂದ ತೆಗೆದದ್ದು ನಮ್ಮ ಮನೆಯ ಸ್ಟೀಲ್ ಡಬ್ಬಿ. ಬಿಸಿಲಿನಿಂದ ಯಾರೇ ಬರಲಿ, ಅಮ್ಮ ಆ ಡಬ್ಬಿಯಿಂದ ಒಂದು ಚೂರು ಬೆಲ್ಲ, ಒಂದು ಲೋಟ ನೀರು ಕೊಡುತ್ತಿದ್ದಳು. ಅಪ್ಪ ಕೆಲಸದಿಂದ ಬಂದಾಗಲೂ ಅಷ್ಟೇ.

ಡಬ್ಬಿಯ ತಳದಲ್ಲಿ ಉಳಿದಿದ್ದ ಒಂದೇ ಅಂಟು ಉಂಡೆಯನ್ನು ಅಪ್ಪ ಬಕೆಟ್ಟಿನಲ್ಲಿ ಕೈಯಿಂದಲೇ ಕದಡಿದರು. ಕುದುರೆ ತಲೆಯೆತ್ತದೆ ಕುಡಿಯಿತು.

ಆಮೇಲೆ ಅಪ್ಪ ಅದರ ಕತ್ತಿನ ಚರ್ಮವನ್ನು ಚಿವುಟಿ ಬಿಟ್ಟರು. ಅದು ತಕ್ಷಣ ಸಮವಾಯಿತು.

"ಮೈಯಲ್ಲಿ ನೀರಿದ್ರೆ ಹೀಗೆ ಕೂತ್ಕೊಳ್ಳತ್ತೆ. ಇಲ್ದಿದ್ರೆ ಎದ್ದೇ ನಿಂತಿರತ್ತೆ."

ನಾನು ಅಪ್ಪನ ಮುಂಗೈ ಹಿಡಿದು ಹಾಗೆಯೇ ಚಿವುಟಿ ಬಿಟ್ಟೆ. ಚರ್ಮ ಎದ್ದೇ ನಿಂತಿತ್ತು.

"ಅಪ್ಪಾ, ಯೂ ಆಲ್ಸೋ ಡ್ರಿಂಕ್ ಲಾ," ಎಂದೆ.

ಅಪ್ಪ ಡಬ್ಬಿಯ ಮುಚ್ಚಳ ಹಾಕಿದರು.

"ಬೆಲ್ಲ ಮುಗೀತಲ್ಲ," ಎಂದರು.