ಪೆಟ್ಟಿಗೆ ತೆಗೆದು ತೋರಿಸು

“ಪೆಟ್ಟಿಗೆ ತೆಗ್ದು ತೋರ್ಸವ್ವಾ, ನೋಡ್ಕಂಡು ಹೋಗ್ಬುಡ್ತೀನಿ,” ಎಂದು ಉದ್ದನಪಲ್ಲಿಯ ವರಲಕ್ಷ್ಮಮ್ಮ ಮೇಜಿನ ಮುಂದೆ ಕೂತೇಬಿಟ್ಟರು. ಸೆರಗಿನ ಗಂಟಿನಲ್ಲಿ ಠೇವಣಿಯ ಸರ್ಟಿಫಿಕೇಟಿತ್ತು. ರೋಜಾ ತೋಟಗಳಲ್ಲಿ ಹೂ ಕಿತ್ತು ಕೂಡಿಟ್ಟ ಹಣ ಅದು.

ಹಿಂದಿನ ದಿನ ಹೊಸೂರಿನಲ್ಲಿ ಯಾವುದೋ ಫೈನಾನ್ಸ್ ಕಂಪನಿ ಷಟರ್ ಎಳೆದಿತ್ತಂತೆ. ಹಾಳಾದ ಸುದ್ದಿ ಕೆಲಮಂಗಲಕ್ಕೆ ಬರಲು ಎಷ್ಟು ಹೊತ್ತು! ಬೆಳಗಾಗುವಷ್ಟರಲ್ಲಿ ಲಕ್ಷ್ಮೀಪ್ರಿಯಾಳ ಪುಟ್ಟ ಫೈನಾನ್ಸ್ ಕಂಪನಿಯ ಜಗಲಿ ತುಂಬಿಹೋಗಿತ್ತು. ವರಲಕ್ಷ್ಮಮ್ಮ ಹಣ ವಾಪಸ್ ಕೇಳಿದರೆ ಜಗಲಿಯಲ್ಲಿದ್ದವರೆಲ್ಲ ಕೇಳುತ್ತಾರೆ. ಎಲ್ಲರಿಗೂ ಒಂದೇ ದಿನ ಕೊಡಲು ಯಾವ ಕಂಪನಿಯಿಂದಲೂ ಆಗದು. ಅಪ್ಪ ಕಟ್ಟಿದ್ದು ಸಂಜೆಯೊಳಗೆ ಮುಗಿದುಹೋಗುತ್ತದೆ.

ತೀರಿಕೊಂಡ ಅಪ್ಪ ರಾಮಸ್ವಾಮಿಯವರ ಕಾಲದಲ್ಲೂ ಇಂಥ ಗಾಳಿಸುದ್ದಿ ಏಳುತ್ತಿತ್ತು. ಅವರು ವಾದಕ್ಕೇ ಹೋಗುತ್ತಿರಲಿಲ್ಲ. “ಬನ್ರಪ್ಪಾ, ನೋಡ್ಕಳಿ,” ಎಂದು ಕಬ್ಬಿಣದ ಪೆಟ್ಟಿಗೆಯ ಬೀಗ ತೆಗೆದು, ನೋಟಿನ ಕಟ್ಟುಗಳನ್ನು ತೋರಿಸಿ, ಎಲ್ಲರಿಗೂ ಕಾಫಿ ತರಿಸುತ್ತಿದ್ದರು. ಜನ ಕಾಫಿ ಕುಡಿದು, ಮಳೆ ಬೆಳೆ ಮಾತಾಡಿ, ಊರಿಗೆ ಹೋಗುತ್ತಿದ್ದರು. ಎಂಥಾ ಚೆಂದದ ಕಾಲ ಅದು! ಕಟ್ಟುಗಳಿದ್ದದ್ದು ಮುಂದಿನ ಸಾಲಿನಲ್ಲಿ ಮಾತ್ರ, ಹಿಂದೆ ಬರೀ ಖಾಲಿ ಎಂಬುದು ಮನೆಯವರಿಗಷ್ಟೇ ಗೊತ್ತಿತ್ತು.

“ಈಗ ದುಡ್ಡು ಇಲ್ಲಿ ಇಡೋ ಹಂಗಿಲ್ಲ ಅಜ್ಜಿ. ನೀವು ಕಟ್ಟಿದ್ದರಲ್ಲಿ ಇಂತಿಷ್ಟು ಪಾಲು ಯಾವಾಗ್ಲೂ ಬ್ಯಾಂಕಲ್ಲಿ ನಗದಾಗಿ ಇರ್ಬೇಕು ಅಂತ ಕಾನೂನು. ನಾನೂ ಮುಟ್ಟೋ ಹಂಗಿಲ್ಲ. ನೋಡಿ,” ಎಂದು ಲಕ್ಷ್ಮೀಪ್ರಿಯಾ ಫೋನು ಮುಂದೆ ಹಿಡಿದಳು. ಅದರಲ್ಲಿದ್ದ ಲೆಕ್ಕ ಅಪ್ಪಟ ಸತ್ಯ. ಕಾನೂನು ಹೇಳಿದ್ದಕ್ಕಿಂತ ಒಂದಿಷ್ಟು ಹೆಚ್ಚೇ ಇಟ್ಟಿದ್ದಳು ಪುಣ್ಯಾತ್ಗಿತ್ತಿ.

“ಫೋನಲ್ಲಿ ನನ್ ಮೊಮ್ಮಗ ಹುಲೀನೂ ತೋರಿಸ್ತಾನೆ ಕಣವ್ವಾ. ಪೆಟ್ಟಿಗೆ ತೆಗಿ.”

ಜಗಲಿಯಲ್ಲಿ ಯಾರೋ ಕಿಸಕ್ಕೆಂದರು. ಅಪ್ಪ ಇರಬೇಕಿತ್ತು ಅನ್ನಿಸಿತು ಲಕ್ಷ್ಮೀಪ್ರಿಯಾಳಿಗೆ. ಹೆಚ್ಚಿಗೆ ಇಟ್ಟಿದ್ದರಲ್ಲೇ ಬ್ಯಾಂಕಿನಿಂದ ನಾಲ್ಕು ಕಟ್ಟು ತರಿಸಿ ಮುಂದಿನ ಸಾಲಿಗೆ ಜೋಡಿಸಬಹುದಿತ್ತು. ಆದರೆ ಅವಳಿಗೆ ಮನಸ್ಸು ಬರಲಿಲ್ಲ. ಎದ್ದು ಹೋಗಿ ಎಲ್ಲರೆದುರೇ ಬೀಗ ತೆಗೆದಳು; ಕೀಲಿ ಎರಡು ಸಲ ತೂತು ತಪ್ಪಿ, ಮೂರನೇ ಸಲಕ್ಕೆ ಹೊಕ್ಕಿತು. ಒಳಗೆ ಲಕ್ಷ್ಮಿಯ ಪಟ, ಅದಕ್ಕೊಂದು ಒಣಗಿದ ಹಾರ. ಅಷ್ಟೇ.

“ನಿಮ್ ದುಡ್ಡು ಅಪ್ಪನ ಕಾಲಕ್ಕಿಂತ ಭದ್ರವಾಗಿದೆ ಅಜ್ಜಿ. ದೇವರಾಣೆ.”

ವರಲಕ್ಷ್ಮಮ್ಮ ಪೆಟ್ಟಿಗೆಯೊಳಗೆ ಇಣುಕಲೇ ಇಲ್ಲ. ಸರ್ಟಿಫಿಕೇಟನ್ನು ತೆಗೆದು ಮೇಜಿನ ಮೇಲಿಟ್ಟರು.

“ಆವಾಗ್ಲೂ ನಾನು ಪೆಟ್ಟಿಗೆ ನೋಡ್ತಿರ್ಲಿಲ್ಲ ಕಣವ್ವಾ. ಬೀಗ ತೆಗೆಯೋವಾಗ ನಿಮ್ಮಪ್ಪನ ಕೈ ನೋಡ್ತಿದ್ದೆ. ಒಂದ್ ದಿನಾನೂ ನಡುಗ್ಲಿಲ್ಲ. ನನ್ ಕಾಸು ಕೊಟ್ಬುಡು.”