ಪೈಪಿನ ಇನ್ನೊಂದು ತುದಿ

ಭಾನುವಾರ ಬೆಳಿಗ್ಗೆ ಚರ್ಚಿನ ಮೊದಲ ಗಂಟೆ ಹೊಡೆಯುವಾಗ, ಕಪ್ಪು ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದ ಲುಬ್ಬರ್ಟನ ಮೂಗಿಗೆ ಕೊಳೆತ ಮೊಟ್ಟೆಯ ವಾಸನೆ ಬಡಿಯಿತು. ಮುಂದಿನ ಕೋಣೆಗೆ ಬಂದು ನೋಡಿದರೆ ಗಾಜಿನ ತೊಟ್ಟಿಯ ಉಪ್ಪುನೀರು ಹೊಗೆ ತುಂಬಿದಂತೆ ಮಬ್ಬಾಗಿತ್ತು. ಹೆಂಡತಿ ಫೋಕ್ಯಳ ಎರಡು ಕಿತ್ತಳೆ ಮೀನುಗಳು ಮೇಲೆ ಬಂದು, ಬಾಯಿ ತೆರೆದು ಮುಚ್ಚಿ, ಉಸಿರಿಗೆ ಪರದಾಡುತ್ತಿದ್ದವು.

ಸೊಂಟ ಮುರಿದುಕೊಂಡು ಆರು ವಾರದಿಂದ ಆಸ್ಪತ್ರೆಯಲ್ಲಿದ್ದ ಅವಳು ಮರುದಿನ ಮನೆಗೆ ಬರುವವಳಿದ್ದಳು. ದಿನಾ ಸಂಜೆ ಫೋನಿನಲ್ಲಿ ಅವಳ ಮೊದಲ ಮಾತು "ಅವು ತಿಂದವಾ?", ಎರಡನೆಯದು "ನೀನು ತಿಂದೆಯಾ?" ಲುಬ್ಬರ್ಟ್ ಅವಳಿಗೇ ಫೋನು ಮಾಡಿ ಹೇಳಿದ.

"ಏನು ಮಾಡಿದೆ? ನಿಜ ಹೇಳು."

"ನೀನು ಬರ್ತೀಯಲ್ಲ ಅಂತ ನಿನ್ನೆ ಚೊಕ್ಕ ಮಾಡಿದೆ. ತಳದವರೆಗೂ ಮರಳು ಕೆದಕಿ, ದೋಣಿ ಉಜ್ಜೋ ಹಾಗೆ ಉಜ್ಜಿದೆ."

"ಅಯ್ಯೋ ಮಾರಾಯ! ಮೇಲೆ ಬಿದ್ದಿರೋ ಹೇಲು, ತಿಂದು ಬಿಟ್ಟ ಚೂರು, ಅಷ್ಟೇ ಎಳೆದು ತೆಗಿ ಅಂತ ಚೀಟಿ ಬರೆದಿಟ್ಟಿದ್ದೆ. ತಳದಲ್ಲಿ ವರ್ಷಗಟ್ಟಲೆ ಮಲಗಿದ್ದ ಕೊಳಕನ್ನೆಲ್ಲ ಎಬ್ಬಿಸಿಬಿಟ್ಟಿದೀಯ. ಅರ್ಧ ನೀರು ತೆಗೀಬೇಕು. ಉಪ್ಪು ಕಲಸಿಟ್ಟಿದೀಯಲ್ಲ, ಆ ನೀಲಿ ಡ್ರಮ್ಮಿನ ನೀರು ಹಾಕ್ಬೇಕು. ಈಗಲೇ. ನಾಳೆವರೆಗೆ ಅವು ತಡೆಯಲ್ಲ."

"ಇವತ್ತು ಭಾನುವಾರ."

"ನಂಗೂ ಗೊತ್ತು," ಎಂದಳು ಫೋಕ್ಯ. ಅವಳ ದನಿ ತೀರಾ ಸಣ್ಣಗಾಗಿತ್ತು.

ಮೀನುಗಾರರ ಊರು ಉರ್ಕಿನಲ್ಲಿ ಭಾನುವಾರ ದೇವರ ದಿನ, ಯಾರೂ ದೋಣಿಯ ಹಗ್ಗ ಬಿಚ್ಚುವುದಿಲ್ಲ. ತೊಳೆದ ಬಟ್ಟೆಯನ್ನು ಒಣಗಹಾಕುವುದೂ ಇಲ್ಲ. ಲುಬ್ಬರ್ಟ್ ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ಬಕೆಟ್ಟು ಎತ್ತಿಕೊಂಡ. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ರೀಕೆಲ್ಟ್ ಒಳಗೆ ಬಂದ. ನಲವತ್ತು ವರ್ಷ ಒಂದೇ ದೋಣಿಯಲ್ಲಿ ಬಲೆ ಎಳೆದವರು ಇವರು. ಈಗ ರೀಕೆಲ್ಟ್ ಚರ್ಚಿನ ಸಭೆಯ ಹಿರಿಯ, ಕಾಣಿಕೆಯ ಚೀಲ ಹಿಡಿಯುವವನು. ಗೆಳೆಯನನ್ನು ಕರೆದುಕೊಂಡೇ ಚರ್ಚಿಗೆ ಹೋಗುವುದು ಅವನ ರೂಢಿ.

"ಕೈಯಲ್ಲೇನೋ ಅದು, ಬಕೆಟ್ಟು? ಇವತ್ತು?"

ಲುಬ್ಬರ್ಟ್ ತೊಟ್ಟಿಯ ಕಡೆ ಕೈ ತೋರಿಸಿದ. "ನಾಳೆ ಅವಳು ಬರ್ತಾಳೆ. ನಾಳೆಗೆ ಇವು ಇರಲ್ಲ."

ರೀಕೆಲ್ಟ್ ಟೋಪಿ ತೆಗೆದು ಬಗ್ಗಿ ನೋಡಿದ. "ಟನ್ನುಗಟ್ಟಲೆ ಮೀನು ಕೊಂದವನು ನೀನು. ಈಗ ಬೆರಳುದ್ದದ ಎರಡಕ್ಕೆ ಕುಂಡಿ ತೊಳೀತಾ ಕೂತಿದೀಯಾ?"

"ನೀನು ಹೋಗು. ನೋಡಲೇ ಇಲ್ಲ ಅಂದ್ಕೋ."

ಲುಬ್ಬರ್ಟ್ ಪೈಪಿನ ಒಂದು ತುದಿಯನ್ನು ನೀರಿಗಿಳಿಸಿ, ಇನ್ನೊಂದನ್ನು ಬಾಯಿಗಿಟ್ಟು ಎಳೆದ. ನೀರು ಅರ್ಧ ಏರಿ ಹಿಂದಕ್ಕೆ ಜಾರಿತು. ಎದೆಯಲ್ಲಿ ಉಸಿರು ಸಾಲದು. ಮೂರನೆಯ ಸಲ ಕೆಮ್ಮು ಹತ್ತಿ ಗೋಡೆಗೊರಗಿದ. ತೊಟ್ಟಿಯಲ್ಲಿ ಚಿಕ್ಕ ಮೀನು ಮಗ್ಗುಲಿಗೆ ಹೊರಳಿತ್ತು.

ಬಗ್ಗಿದ್ದ ರೀಕೆಲ್ಟ್ ಮೇಲೆದ್ದ. ಹೊರಟನೆಂದುಕೊಂಡರೆ, ಕಿಟಕಿಯ ಬಳಿ ಹೋಗಿ ಪರದೆ ಎಳೆದ. ಕೋಟು ಬಿಚ್ಚುವುದನ್ನೂ ಮರೆತು ನೆಲಕ್ಕೆ ಮಂಡಿಯೂರಿದ.

"ಕೊಡಿಲ್ಲಿ."

ಒಂದೇ ಎಳೆತಕ್ಕೆ ಬಾಯಿತುಂಬ ಬಂತು. "ಥೂ! ಏನೋ ಇದು?"

"ಮೀನಿನ ಹೇಲು."

"ಇವುಗಳ ನೆಂಟರಿಷ್ಟರನ್ನೆಲ್ಲ ಹುರಿದು ತಿಂದಿದ್ದಕ್ಕೆ ಇದೇ ಸರಿ ಬಿಡು."

ಲುಬ್ಬರ್ಟನಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಪಾದ್ರಿಯ ಪ್ರಸಂಗದ ಹೊತ್ತಿಗೆ ಚೀಪಲೆಂದು ತನ್ನ ಕೋಟಿನ ಜೇಬಿನಲ್ಲಿಟ್ಟುಕೊಂಡಿದ್ದ ಪೆಪ್ಪರಮಿಂಟನ್ನು ತೆಗೆದು ಗೆಳೆಯನ ಬಾಯಿಗೆ ಹಾಕಿದ. ಆಮೇಲೆ ಒಬ್ಬ ಪೈಪಿನ ತುದಿಯನ್ನು ಮರಳಿಗೆ ತಾಗದಂತೆ ಮೇಲೆ ಮೇಲೆ ಆಡಿಸಿದ. ಇನ್ನೊಬ್ಬ ಮತ್ತೊಂದು ತುದಿಯನ್ನು ಬಕೆಟ್ಟಿನಲ್ಲಿ ಹಿಡಿದ. ಕಂದು ಬಣ್ಣದ ಕೊಳಕು ಎಳೆ ಎಳೆಯಾಗಿ ಇಳಿದು ಬಂತು. ಎರಡನೆಯ ಗಂಟೆ ಹೊಡೆದು ನಿಂತಿತು. ಬೀದಿಯ ಕೊನೆಯಿಂದ ಕೀರ್ತನೆ ನಿಧಾನವಾಗಿ ತೇಲಿಬಂದಾಗ ರೀಕೆಲ್ಟ್ ಪೆಪ್ಪರಮಿಂಟನ್ನು ಕೆನ್ನೆಗೆ ಸರಿಸಿ ಅದನ್ನೇ ಗುನುಗಿದ. ಸಾಲು ಮುಗಿದಲ್ಲಿ ಪೈಪನ್ನು ಹಿಸುಕುವನು, ಮುಂದಿನ ಸಾಲಿಗೆ ಬಿಡುವನು. ನೀಲಿ ಡ್ರಮ್ಮಿನ ಹೊಸ ನೀರು ಬಕೆಟ್ಟು ಬಕೆಟ್ಟಾಗಿ ತೊಟ್ಟಿಗೆ ತುಂಬಿತು. ಹೊರಳಿದ್ದ ಮೀನು ಯಾವಾಗ ನೆಟ್ಟಗಾಯಿತೋ ಇಬ್ಬರೂ ಕಾಣಲಿಲ್ಲ.

"ರೀಕೆಲ್ಟ್, ಈ ವಿಷಯ ಯಾರಿಗೂ..."

"ಯಾವ ವಿಷಯ?" ಎನ್ನುತ್ತ ಅವನು ಟೋಪಿ ಹಾಕಿಕೊಂಡ.

ಮರುದಿನ ಫೋಕ್ಯ ಕೋಲೂರಿಕೊಂಡು ಬಂದು, ಶಾಲು ಸಹ ತೆಗೆಯದೆ ತೊಟ್ಟಿಯ ಮುಂದೆ ಕುಳಿತಳು. ಎರಡೂ ಮೀನುಗಳು ಗಾಜಿನ ಹತ್ತಿರ ಬಂದವು. ಅವಳು ಬಹಳ ಹೊತ್ತು ನೋಡಿದಳು.

"ಇದು ಒಬ್ಬರ ಕೆಲಸ ಅಲ್ಲ. ನಿನ್ನ ಉಸಿರಿಗೆ ನೀರು ಏರೋದೂ ಇಲ್ಲ. ಪೈಪಿನ ಇನ್ನೊಂದು ತುದಿ ಯಾರು ಹಿಡಿದಿದ್ರು?"

"ಹೇಳೋ ಹಾಗಿಲ್ಲ," ಎಂದ ಲುಬ್ಬರ್ಟ್. ಅವಳು ಮತ್ತೆ ಕೇಳಲಿಲ್ಲ.

ಮುಂದಿನ ಭಾನುವಾರ ಚರ್ಚಿನಲ್ಲಿ ಕಾಣಿಕೆಯ ಚೀಲ ಸಾಲಿನಿಂದ ಸಾಲಿಗೆ ಬಂತು. ರೀಕೆಲ್ಟ್ ಅದನ್ನು ಫೋಕ್ಯಳ ಮುಂದೆ ಚಾಚಿದ. ವಾರಕ್ಕೊಮ್ಮೆ ಮಾತ್ರ ಬೀರುವಿನಿಂದ ಹೊರಬರುವ ಆ ಕಪ್ಪು ಕೋಟಿನ ತೋಳಿನ ಮೇಲೆ, ಅಲೆ ಬಂದು ಹೋದ ದಂಡೆಯಲ್ಲಿ ಉಳಿಯುವಂಥ ಒಂದು ಡೊಂಕು ಬಿಳಿ ಗೆರೆ ಒಣಗಿ ನಿಂತಿತ್ತು. ತೊಟ್ಟಿಗೆ ಕೈ ಹಾಕಿದಾಗಲೆಲ್ಲ ತನ್ನ ಅಂಗಿಯ ತೋಳಿನ ಮೇಲೂ ಅಂಥದೇ ಉಪ್ಪಿನ ಗೆರೆ ಒಣಗುವುದನ್ನು ಅವಳು ಬಲ್ಲಳು. ಫೋಕ್ಯ ಕಾಣಿಕೆ ಹಾಕಿದಳು. ಅವನು ಕೈ ಹಿಂದೆಗೆಯುವ ಮುಂಚೆ ತೋಳನ್ನು ಮೆಲ್ಲನೆ ಹಿಡಿದಳು. ಹೆಬ್ಬೆರಳನ್ನು ನಾಲಿಗೆಗೆ ಒತ್ತಿ, ಹಿಂದಿನ ಸಾಲಿನವರು ತಲೆಯೆತ್ತುವುದರೊಳಗೆ, ಆ ಉಪ್ಪನ್ನು ಒರೆಸಿಬಿಟ್ಟಳು.